ಕದಿರಮ್ಮನ ಬೋಳು ಹಣೆ

ಬೈರಕೂರಿನ ಕದಿರಮ್ಮ ಪುಕ್ಕಲು ಹೆಂಗಸೇನಲ್ಲ. ರೇಷ್ಮೆ ಹುಳುವಿಗೆ ಸೊಪ್ಪು ಕುಯ್ಯುವಾಗ ಕಾಲಡಿ ಹಾವು ಹರಿದರೂ ಕುಡುಗೋಲು ಕೆಳಗಿಡದವಳು. ಅಂಥವಳು ಚಿಟಿಕೆ ಕುಂಕುಮಕ್ಕೆ ಹೆದರಿದಳೆಂದರೆ ಯಾರು ನಂಬುತ್ತಾರೆ? ನಂಬದವರೇ ಅವಳ ಜೀವ ತಿಂದರು.

ಎಪ್ಪತ್ತಾರನೇ ಇಸವಿಯ ಆಯುಧಪೂಜೆ. ನೇಗಿಲು, ಸನಿಕೆಗಳ ಜೊತೆ ಬಾವಿ ಮೋಟರಿನ ಸ್ಟಾರ್ಟರ್ ಪೆಟ್ಟಿಗೆಯನ್ನೂ ತೊಳೆದು ಪೂಜಿಸುವುದು ನಮ್ಮ ಕಡೆಯವರ ಬುದ್ಧಿವಂತಿಕೆ. ಕರೆಂಟು ಹೋಗಿತ್ತು. ಕದಿರಮ್ಮ ಪೆಟ್ಟಿಗೆಗೆ ಚೊಂಬಿನಿಂದ ನೀರು ಹುಯ್ದು ಉಜ್ಜಿ, ಕುಂಕುಮದಲ್ಲಿ ಅದ್ದಿದ ಒದ್ದೆ ಬೆರಳನ್ನು ಅದರ ಮೇಲಿಡುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ಕೈ ಅಲ್ಲೇ ಕಚ್ಚಿಕೊಂಡಿತು. ಅತ್ತೆ ಗಂಗರತ್ನಮ್ಮ ಸನಿಕೆಯ ಒಣ ಮರದ ಕಾವಿನಿಂದ ಹೊಡೆದು ಬಿಡಿಸದಿದ್ದರೆ ಅವಳ ಕಥೆ ಅವತ್ತೇ ಮುಗಿಯುತ್ತಿತ್ತು.

ಬೆರಳಿನ ಸುಟ್ಟಗಾಯ ಮಾಯಿತು. ಆದರೆ ಕುಂಕುಮದ ಭರಣಿ ಕಂಡರೆ ಸಾಕು, ಎದೆ ಡವಡವ ಹೊಡೆದುಕೊಂಡು ಕೈ ತಾನಾಗಿಯೇ ಹಿಂದಕ್ಕೆ ಸರಿಯುತ್ತಿತ್ತು. ಪುಡಿ ಏನು ಮಾಡೀತೆಂದು ತನಗೆ ತಾನೇ ಹೇಳಿಕೊಂಡರೂ ಕೈ ಕೇಳಲಿಲ್ಲ. ಮುತ್ತೈದೆ ಬೋಳು ಹಣೆಯಲ್ಲಿ ಓಡಾಡಿದರೆ ಊರು ಸುಮ್ಮನಿರುತ್ತದೆಯೇ? ಗಂಡ ಗಂಗುಲಪ್ಪನ ಆಯುಸ್ಸಿಗೇ ಕೇಡು ಎಂದು ಆಡಿಕೊಂಡಿತು. ಅವನು ತೋಟದಿಂದ ಬರುವುದು ತಡವಾದರೆ ಕದಿರಮ್ಮನಿಗೂ ಅದೇ ನಿಜವೆನಿಸುತ್ತಿತ್ತು.

ಅತ್ತೆ ವಿಧವೆ. ಗಂಡ ಸತ್ತಂದಿನಿಂದ ಆ ಭರಣಿಯನ್ನು ಮುಟ್ಟಿದವಳಲ್ಲ. ಅವಳಿಗೆ ಉರಿದುಹೋಯಿತು.

"ನಂಗೆ ಬೇಕಂದ್ರೂ ಇಲ್ಲ, ನಿಂಗೆ ಇದ್ರೂ ಬೇಡ್ವೇನೇ? ಯುಗಾದಿ ಹೊತ್ಗೆ ಕುಂಕುಮ ಇಟ್ಕೊ. ಇಲ್ದಿದ್ರೆ ತವರಿಗೆ ನಡಿ!"

ಗಂಗುಲಪ್ಪ ಇಬ್ಬರನ್ನೂ ಮುಳಬಾಗಿಲಿನ ಡಾಕ್ಟರ ಹತ್ತಿರ ಕರೆದೊಯ್ದ. ಅವರು ಎಲ್ಲ ಕೇಳಿ, ತಮ್ಮ ಕತ್ತಿನ ಹಿಂದೆ, ತಲೆಬುರುಡೆ ಶುರುವಾಗುವಲ್ಲಿ ಬೆರಳಿಟ್ಟು ತೋರಿಸಿದರು.

"ಮಿದುಳಿನ ಕಾಂಡದಲ್ಲಿ, ಇಲ್ಲಿ ಒಳಗಡೆ, ಒಂದು ಸಣ್ಣ ನೀಲಿ ಚುಕ್ಕೆ ಇದೆಯಮ್ಮಾ. ಪೆಟ್ಟು ಬಿದ್ದಾಗ 'ಇದನ್ನ ಮರೀಬೇಡ, ಇದರ ಹತ್ರ ಹೋಗ್ಬೇಡ' ಅಂತ ಅದು ಮಿದುಳಿಗೆಲ್ಲ ಕೂಗಿ ಹೇಳುತ್ತೆ ಅಂತಾರೆ. ಇಲಿಗಳ ಮೇಲೆ ಇನ್ನೂ ಪರೀಕ್ಷೆ ನಡೀತಿದೆ. ಹೊಡೆದಿದ್ದು ಕರೆಂಟು, ಆದ್ರೆ ಕಣ್ಮುಂದೆ ಇದ್ದಿದ್ದು ಕುಂಕುಮ, ಭಯ ಅದಕ್ಕೇ ಅಂಟ್ಕೊಂಡ್ತು. ಬಯ್ದರೆ ಭಯ ಹೆಚ್ಚಾಗುತ್ತೆ. ಧೈರ್ಯ ಕೊಡೋರು ಪಕ್ಕದಲ್ಲಿ ಕೂತು ನಿಧಾನವಾಗಿ ಮುಟ್ಟಿಸ್ಬೇಕು. ಏನೂ ಆಗಲ್ಲ ಅಂತ ಮೈಯೇ ಕಲೀಬೇಕು." ಆಮೇಲೆ ಕದಿರಮ್ಮನ ಕಡೆ ತಿರುಗಿ, "ನಿಂಗೆ ಯಾರಿದ್ರೆ ಧೈರ್ಯನಮ್ಮಾ?" ಎಂದರು.

ಕದಿರಮ್ಮ ತಲೆ ತಗ್ಗಿಸಿ ಹೇಳಿದಳು, "ಅತ್ತೆ. ಅವತ್ತು ಬಿಡಿಸ್ದೋರು ಅವ್ರೇ."

ಊರಿಗೆ ಮರಳುವ ಬಸ್ಸಿನಲ್ಲಿ ಗಂಗರತ್ನಮ್ಮ ಸೊಸೆಯ ಪಕ್ಕದಲ್ಲೇ ಕೂತಳು.

ಯುಗಾದಿಯ ಬೆಳಿಗ್ಗೆ ಅವಳೇ ಮಣೆ ಹಾಕಿ ಕರೆದಳು. "ಬಾ ತಲ್ಲೀ, ಬಾ ನಮ್ಮಮ್ಮ, ಕೂತ್ಕೊ."

ಕದಿರಮ್ಮನಿಗೆ ಮೈಯೆಲ್ಲ ಬೆವರಿತು. ಓಡಿಬಿಡೋಣ ಎನ್ನಿಸಿತು, ಆದರೆ ಎಲ್ಲಿಗೆ? ಅತ್ತೆ ಭರಣಿಯ ಮುಚ್ಚಳ ತೆಗೆದಳು. ವಿಧವೆಯ ಕೈಯ ಕುಂಕುಮ ಮುತ್ತೈದೆಯ ಹಣೆಗೆ ತಾಕಬಾರದೆಂದು ಊರಿಗೆಲ್ಲ ಗೊತ್ತು, ಅವಳಿಗೂ ಗೊತ್ತು. ಬೆರಳು ಭರಣಿಯ ಬಾಯಿವರೆಗೆ ಹೋಯಿತು, ಹಿಂದಕ್ಕೆ ಬಂತು. ಮತ್ತೆ ಹೋಯಿತು. ಕೊನೆಗೆ ಬೆರಳ ತುದಿಗೆ ಕುಂಕುಮ ಹತ್ತಿದಾಗ ಇಡೀ ಕೈ ತರತರ ನಡುಗುತ್ತಿತ್ತು.

"ಅತ್ತೆ, ನಿಮಗೂ ಭಯಾನಾ?"

"ನಿಂಗಾದ್ರೂ ಕರೆಂಟು ಹೊಡೀತು ಕಣೇ," ಎಂದಳು ಗಂಗರತ್ನಮ್ಮ. ಅವಳ ಕಣ್ಣು ತುಂಬಿತ್ತು. "ನಂಗೆ ಏನ್ ಹೊಡೀತು ಅಂತ ಈ ಕೈ ಹಿಂಗಾಡ್ತದೆ?"

ಕದಿರಮ್ಮ ಕಣ್ಣು ಮುಚ್ಚಿ, ಆ ನಡುಗುವ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು.