ಬಲಗೈಗೆ ಕಟ್ಟಿದ ಹೇರ್‌ಬ್ಯಾಂಡ್

ನಾನು ಹುಟ್ಟಾ ಎಡಚಿ. ಐದನೇ ವಯಸ್ಸಿನಲ್ಲಿ, ಮೈಸೂರಿನ ಒಂದು ಚಳಿಗಾಲದಲ್ಲಿ, ನನ್ನನ್ನು ರಿಪೇರಿ ಮಾಡಲಾಯಿತು. ಅಮ್ಮ ನನ್ನ ಸ್ವೆಟರಿನ ಎಡತೋಳಿನ ತುದಿಯನ್ನು ಸೂಜಿದಾರದಿಂದ ಹೊಲಿದುಬಿಟ್ಟಳು. ಕೈ ಒಳಗೇ ಉಳಿಯಿತು. ಚಳಿ ಮುಗಿದು ಸ್ವೆಟರು ಟ್ರಂಕು ಸೇರುವ ಹೊತ್ತಿಗೆ ನಾನು ಬಲಗೈಯಲ್ಲಿ ಉಣ್ಣುತ್ತಿದ್ದೆ, ಬಲಗೈಯಲ್ಲಿ ಬರೆಯುತ್ತಿದ್ದೆ, ಎರಡನ್ನೂ ಕೆಟ್ಟದಾಗಿ. ಮನೆಯಲ್ಲಿ ಯಾರೂ ಮತ್ತೆ ಆ ವಿಷಯ ಎತ್ತಲಿಲ್ಲ.

ರಿಪೇರಿ ಪೂರ್ತಿಯಾಗಿಲ್ಲ ಎಂದು ಗೊತ್ತಾಗಿದ್ದು ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ. ಮದುವೆಯಾಗಿ ಬಂದು ಅಲ್ಲಿ ಮೊದಲ ಕೆಲಸಕ್ಕೆ ಸೇರಿದ್ದೆ. ಯಾರದೋ ಹುಟ್ಟುಹಬ್ಬಕ್ಕೆ ಆಫೀಸಿನಲ್ಲಿ ಕೇಕ್ ಕತ್ತರಿಸುತ್ತಿದ್ದಾಗ ನನ್ನ ಮ್ಯಾನೇಜರಮ್ಮ, "ಓ, ನೀನು ಲೆಫ್ಟೀನಾ!" ಎಂದಳು. ನೋಡಿಕೊಂಡರೆ ಚಾಕು ಎಡಗೈಯಲ್ಲಿತ್ತು. ತಕ್ಷಣ ಬಲಗೈಗೆ ದಾಟಿಸಿ "ಸಾರಿ" ಎಂದೆ. ಯಾತಕ್ಕೆ ಸಾರಿ ಎಂದು ಆಕೆಗೆ ಅರ್ಥವಾಗಲಿಲ್ಲ. ಈ ದೇಶದಲ್ಲಿ ಎಡಗೈಗಾಗಿ ಯಾರೂ ಕ್ಷಮೆ ಕೇಳುವುದಿಲ್ಲವಂತೆ. ಹಾಗಂತ ಆ ಆಫೀಸಿನ ಅಡುಗೆಮನೆಯಲ್ಲಿ ಡಬ್ಬಿ ತೆರೆಯುವ ಕ್ಯಾನ್ ಓಪನರ್ ಎಡಗೈಗೆ ತಿರುಗುತ್ತಿತ್ತು ಎಂದಲ್ಲ.

ಆಮೇಲೆ ನಾವು ಪರ್ತ್‌ಗೆ ಬಂದೆವು. ಕ್ಯಾನಿಂಗ್ ವೇಲ್‌ನಲ್ಲಿ ಮನೆ, ಒಬ್ಬಳು ಮಗಳು. ಅವಳೂ ಎಡಚಿ. ಶಾಲೆಗೆ ಸೇರಿಸಿದ ವಾರವೇ ಟೀಚರ್, ನನ್ನನ್ನು ಒಂದು ಮಾತೂ ಕೇಳದೆ, ಅವಳಿಗೆ ಎಡಗೈಯವರ ಹಸಿರು ಕತ್ತರಿ ಕೊಟ್ಟರು. ನನಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು, ಸ್ವಂತ ಮಗಳ ಮೇಲೆ. ಈ ಮಗುವಿನ ಕೈ ತಂಟೆಗೆ ಯಾರೂ ಬರಕೂಡದು ಎಂದು ಅವತ್ತೇ ತೀರ್ಮಾನಿಸಿದೆ.

ಮಗಳಿಗೆ ಆರು ತುಂಬಿದ ವರ್ಷ ಅಮ್ಮ ಮೊದಲ ಸಲ ಆಸ್ಟ್ರೇಲಿಯಾಕ್ಕೆ ಬಂದಳು. ಮೊದಲು ಬ್ರಿಸ್ಬೇನ್ ಕಡೆ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿರುವ ನನ್ನ ತಮ್ಮನ ಮನೆಗೆ, ಆಮೇಲೆ ನಮ್ಮಲ್ಲಿಗೆ. ಮೊಮ್ಮಗಳು ಎಡಚಿ ಎಂದು ನಾನು ಅವಳಿಗೆ ಹೇಳಿರಲಿಲ್ಲ. ವಿಡಿಯೋ ಕಾಲಿನಲ್ಲಿ ಮುಖ ಮಾತ್ರ ಕಾಣುವ ಹಾಗೆ ಫೋನ್ ಹಿಡಿಯುತ್ತಿದ್ದೆ. ಅಮ್ಮ ಇನ್ನೂ ಅಲ್ಲಿದ್ದಾಗಲೇ ಒಂದು ದಿನ ತಮ್ಮನ ಫೋನ್ ಬಂತು.

"ಅಕ್ಕಾ, ಇವತ್ತು ಕಾಫಿ ಶಾಪಲ್ಲಿ ಕೆಲಸ ಮಾಡೋ ಹುಡುಗಿ ಎಡಗೈಲಿ ಕಪ್ ಕೊಟ್ಲು. ಅಮ್ಮ ಕೈ ಹಿಂದಕ್ಕೆ ತಗೊಂಡು ಹಂಗೇ ನಿಂತ್ಬಿಟ್ಲು. ಕೊನೆಗೆ ನಾನೇ ಇಸ್ಕೊಂಡೆ. ನಿನ್ ಮಗಳ ಕಥೆ ಏನೋ, ನೋಡ್ಕೋ."

ಅಮ್ಮ ನಮ್ಮಲ್ಲಿಗೆ ಬರಲು ಮೂರು ವಾರವಿತ್ತು. ಮಗಳನ್ನು ಕೂರಿಸಿಕೊಂಡು, ಅಜ್ಜಿ ಇರುವಷ್ಟು ದಿನ ಊಟ ಮಾಡುವುದು, ಏನಾದರೂ ಕೊಡುವುದು, ತೆಗೆದುಕೊಳ್ಳುವುದು ಎಲ್ಲ ಬಲಗೈಯಲ್ಲಿ ಎಂದು ಹೇಳಿದೆ.

"ವೈ? ಈ ಕೈ ಡರ್ಟೀನಾ?"

"ಡರ್ಟಿ ಅಲ್ಲ ಪುಟ್ಟಿ. ಅಜ್ಜಿಗೋಸ್ಕರ."

ಯಾವ ಕೈ ಎಂದು ಮರೆಯದಿರಲಿ ಅಂತ ಅವಳ ಬಲ ಮಣಿಕಟ್ಟಿಗೆ ನೇರಳೆ ಬಣ್ಣದ ಹೇರ್‌ಬ್ಯಾಂಡ್ ಸುತ್ತಿದೆ. ಎಡಗೈಯಲ್ಲಿ ಏನು ಚಾಚಿದರೂ ತೆಗೆದುಕೊಳ್ಳದೆ ಸುಮ್ಮನೆ ನಿಲ್ಲುತ್ತಿದ್ದೆ. ಒಂದು ಸಂಜೆ, ಫ್ರೀಮ್ಯಾಂಟಲ್ ಬಂದರಿನಲ್ಲಿ ಕಂಡ ಹಡಗಿನ ಚಿತ್ರ ಬರೆದು ಓಡಿ ಬಂದಳು. ನಾನು ಕೈ ಕಟ್ಟಿಕೊಂಡು ನಿಂತೆ. ಅವಳ ನಗು ನಿಂತುಹೋಯಿತು. ಮಣಿಕಟ್ಟು ನೋಡಿಕೊಂಡು, ಕೈ ಬದಲಿಸಿ ಕೊಟ್ಟಳು. "ಗುಡ್ ಗರ್ಲ್" ಎಂದೆ. ನಾನು ಹೊಡೆಯಲಿಲ್ಲ, ಬೈಯಲಿಲ್ಲ, ಸ್ವೆಟರ್ ಹೊಲಿಯಲಿಲ್ಲ. ಹಾಗಾಗಿ ನಾನು ಅಮ್ಮನಂಥವಳಲ್ಲ ಎಂದೇ ನಂಬಿದ್ದೆ. ಮೂರನೇ ವಾರಕ್ಕೆ ಮಗಳು ಒಂದೂ ತಪ್ಪು ಮಾಡುತ್ತಿರಲಿಲ್ಲ.

ಅಮ್ಮ ಬಂದ ಮೊದಲ ಮಧ್ಯಾಹ್ನ ಮೂವರೂ ಊಟಕ್ಕೆ ಕುಳಿತೆವು. ಮಗಳು ಸಾರನ್ನವನ್ನು ಬಲಗೈಯಲ್ಲಿ ಎತ್ತಿದಳು. ಅರ್ಧ ಬಾಯಿಗೆ, ಅರ್ಧ ಮೇಜಿಗೆ. ಅಮ್ಮ ನಾಲ್ಕು ತುತ್ತು ಸುಮ್ಮನೆ ನೋಡಿದಳು.

"ಮಗು ಎಡಚಿನಾ?"

ನಾನು ಉಪ್ಪಿನಕಾಯಿ ಬಡಿಸಿದೆ.

"ಕೈಗೆ ಅದೇನೇ ಕಟ್ಟಿರೋದು?"

"ಇಲ್ಲಿ ಮಕ್ಳಿಗೆ ಅದೇ ಫ್ಯಾಷನ್."

ಅಮ್ಮ ನನ್ನ ಮುಖ ನೋಡಿದಳು. "ನಂಗೆ ಹೆದ್ರಿ ಮಾಡಿದ್ಯಾ?"

ನನಗೆ ಸಿಟ್ಟು ನೆತ್ತಿಗೇರಿತು. ಮಗುವಿನ ಎದುರೇ ಕೂಗಾಡಿದೆ. "ಇನ್ನೇನು ಮಾಡ್ಲಿ? ನನ್ನ ಸ್ವೆಟರ್ ತೋಳು ಹೊಲ್ದಿದ್ದು ಯಾರು? ಅಲ್ಲಿ ಆ ಹುಡುಗಿ ಎಡಗೈಲಿ ಕೊಟ್ಲು ಅಂತ ಕಪ್ ಮುಟ್ಲಿಲ್ವಂತೆ?"

"ಕಪ್ ಸುಡ್ತಿತ್ತು ಕಣೇ," ಎಂದಳು ಅಮ್ಮ. "ಎಡಗೈಯೋ ಬಲಗೈಯೋ ಯಾರು ನೋಡಿದ್ರು?"

ಆಮೇಲೆ ಅನ್ನ ಕಲಸುತ್ತ ತಾನಾಗಿಯೇ ಹೇಳಿದಳು. "ಆವಾಗ ನಿಮ್ಮಜ್ಜಿ ಬರ್ತೀನಿ ಅಂತ ಕಾಗದ ಬರೆದಿದ್ರು. ಅತ್ತೆ ನೋಡಿದ್ರೆ ಏನಂತಾರೋ ಅಂತ ಭಯ ನಂಗೆ. ಅದಕ್ಕೇ ಹೊಲ್ದಿದ್ದು."

"ಅಜ್ಜಿ ಏನಂದ್ರು?"

"ಏನೂ ಅನ್ಲಿಲ್ಲ. ಮಗು ಕೈಗೆ ಏಟಾಗಿದ್ಯಾ ಅಂತ ಕೇಳಿದ್ರು, ಅಷ್ಟೇ. ಅವರು ಬಸ್ ಹತ್ತಿದ ದಿನಾನೇ ನಾನು ಹೊಲಿಗೆ ಬಿಚ್ಚಿದೆ." ಅಮ್ಮನ ಧ್ವನಿ ಇಳಿಯಿತು. "ನೀನೇ ಮತ್ತೆ ಆ ಕೈ ಆಚೆ ತೆಗೀಲಿಲ್ಲ. ಆ ಕೈಲೇ ಉಣ್ಣು ಅಂದ್ರೂ ಉಣ್ಲಿಲ್ಲ. ನಾನು ಎಷ್ಟು ಸಲ ಹೇಳಿದೀನಿ, ನಿಂಗೆ ನೆನಪಿಲ್ಲ."

ನನಗೆ ನಿಜಕ್ಕೂ ನೆನಪಿಲ್ಲ. ಇಷ್ಟು ವರ್ಷ ಅಮ್ಮನ ಮೇಲೆ ಸಾಕಿಕೊಂಡು ಬಂದ ಕೋಪವನ್ನು ಎಲ್ಲಿಡಬೇಕೆಂದು ತಿಳಿಯದೆ ಅಳು ಬಂತು. ಮಗಳು "ಆರ್ ಯೂ ಓಕೆ, ಮಮ್?" ಎಂದು ಟಿಶ್ಯೂ ತಂದಳು. ಬಲಗೈಯಲ್ಲಿ.

ಅಮ್ಮ ಅವಳ ಮಣಿಕಟ್ಟಿನಿಂದ ಬ್ಯಾಂಡ್ ಬಿಚ್ಚಿ, ತನ್ನ ನರೆಗೂದಲಿನ ಪುಟ್ಟ ಗಂಟಿಗೆ ಸುತ್ತಿಕೊಂಡಳು. ಇದ್ದಷ್ಟು ದಿನ ಅದನ್ನೇ ಹಾಕಿಕೊಂಡು ಓಡಾಡಿದಳು, ಹೋಗುವಾಗ ಮೈಸೂರಿಗೂ ತೆಗೆದುಕೊಂಡು ಹೋದಳು. ಮಗಳು ಬರೆಯುವುದು, ಕತ್ತರಿಸುವುದು, ಚೆಂಡು ಎಸೆಯುವುದು ಎಲ್ಲ ಮೊದಲಿನ ಹಾಗೆ ಎಡಗೈಯಲ್ಲೇ. ಆದರೆ ಯಾರಿಗಾದರೂ ಏನಾದರೂ ಕೊಡುವಾಗ ಮಾತ್ರ ಒಂದು ಕ್ಷಣ ನಿಂತು, ಬರಿದಾದ ಮಣಿಕಟ್ಟು ನೋಡಿಕೊಳ್ಳುತ್ತಾಳೆ. ಆಮೇಲೆ ಎರಡೂ ಕೈ ಸೇರಿಸಿ ಕೊಡುತ್ತಾಳೆ. ಒಂದು ಲೋಟ ನೀರಾದರೂ ಅಷ್ಟೇ, ಒಂದು ಪೆನ್ಸಿಲ್ ಆದರೂ ಅಷ್ಟೇ.

ಮನೆಗೆ ಬರುವ ಕನ್ನಡದ ಅಂಕಲ್ ಆಂಟಿಯರಿಗೆ ಅದು ಬಹಳ ಹಿಡಿಸಿದೆ. "ಇಲ್ಲೇ ಹುಟ್ಟಿದ ಮಗು, ನೋಡಿ, ಎಷ್ಟು ಚೆನ್ನಾಗಿ ಕಲಿಸಿದೀರಾ," ಎಂದು ನನ್ನನ್ನು ಹೊಗಳುತ್ತಾರೆ. ನಾನು ಥ್ಯಾಂಕ್ಸ್ ಹೇಳುತ್ತೇನೆ.