ಒಳಗಿನಿಂದ ಕಟ್ಟಿದ ಗೋಡೆ

ಐವತ್ತೆರಡು ತುಂಬಿದ ಹೆಂಗಸನ್ನು ಹುಡುಗಿ ಎಂದು ಕರೆಯಬೇಕಾದರೆ ಗಟ್ಟಿ ಗುಂಡಿಗೆ ಬೇಕು. ಅಂಥ ಗುಂಡಿಗೆ ಊರಲ್ಲಿ ಒಬ್ಬನಿಗೇ ಇತ್ತು, ಅವಳ ಅಪ್ಪನಿಗೆ. ಉಳಿದವರಿಗೆಲ್ಲ ಅವಳು ಗಾರೆಯಕ್ಕ. ಹದಿನೈದನೇ ವಯಸ್ಸಿಗೆ ಬಾಂಡ್ಲಿ ಹೊತ್ತು ಅಪ್ಪನ ಹಿಂದೆ ಹೊರಟವಳು ಇಟ್ಟಿಗೆ ಕೆಲಸ, ಗಿಲಾವು, ನೆಲಹಾಸು ಎಲ್ಲ ಕಲಿತು, ಅಪ್ಪನ ಮಂಡಿ ಕೈಕೊಟ್ಟ ಮೇಲೆ ಹನ್ನೊಂದು ಮನೆಗಳನ್ನು ಪಾಯದಿಂದ ತಾನೇ ಎಬ್ಬಿಸಿದ್ದಳು. ಮನೆಯವರು ಸಂತೋಷಪಟ್ಟು, "ಯಾರು ಕಟ್ಟಿದ್ದು?" ಎಂದು ಕೇಳಿದರೆ ಸಾಕು, ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪ ಕೋಲೂರಿ ಎದ್ದು ಬರುತ್ತಿದ್ದ. "ನಾನೇ. ನಮ್ಮ ಹುಡುಗೀನೂ ಸ್ವಲ್ಪ ಕೈಯಾಡಿಸಿದ್ದಾಳೆ."

ಕೈಯಾಡಿಸಿದ್ದಾಳಂತೆ! ಹನ್ನೊಂದು ಮನೆ!

ಅಪ್ಪನಿಗೆ ಎಂಬತ್ತೊಂದು. ಕೋಪ ಸದಾ ಮೂಗಿನ ತುದಿಯಲ್ಲಿ. ಮಗಳು ಗಿಲಾವು ಮುಗಿಸಿದ ಗೋಡೆಯ ಮೇಲೆ ಅಂಗೈ ಸವರುತ್ತಾ ಹೋಗಿ, ಎಲ್ಲಾದರೂ ಒಂದು ಕಡೆ ನಿಲ್ಲಿಸಿ "ಇಲ್ಲಿ ಉಬ್ಬಿದೆ" ಎನ್ನದಿದ್ದರೆ ಅವನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. "ಮೇಸ್ತ್ರಿ ಅನ್ನಿಸ್ಕೊಳ್ಳೋದು ಹುಡುಗಾಟ ಅಲ್ಲ. ಈ ಕೈ ಇವತ್ತಿನವರೆಗೆ ಒಂದೇ ಒಂದು ಗೋಡೆ ಕೆಡಿಸಿಲ್ಲ" ಎಂದು ಎಡಗೈ ಎತ್ತಿ ತೋರಿಸುತ್ತಿದ್ದ. ಅವನು ಎಡಚ. ಗಾರೆಯಕ್ಕ ಗಂಡನ ಹತ್ತಿರ ಮಾತ್ರ ಮನಸ್ಸು ಬಿಚ್ಚಿದ್ದಳು: "ನಂಗಿನ್ನೇನೂ ಬೇಡ ಕಣ್ರೀ. ಅಪ್ಪನ ಬಾಯಲ್ಲಿ ಒಂದ್ಸಲ ಮೇಸ್ತ್ರಿ ಅನ್ನಿಸ್ಕೋಬೇಕು, ಅಷ್ಟೇ." ಗಂಡ ಪಾಪ, "ನಾನು ಕರೀಲಾ?" ಎಂದು ಕೇಳಿ ಬೈಸಿಕೊಂಡಿದ್ದ.

ಊರಾಚೆಯ ಗುಡ್ಡದಲ್ಲಿ, ಯಾವ ಕಾಲಕ್ಕೋ ಮುಚ್ಚಿಹೋದ ಕಲ್ಲುಕ್ವಾರಿಯ ಹಿಂದೆ, ಒಂಟಿಮೀಸೆಯ ಗವಿ ಇದೆ. ಒಂಟಿಮೀಸೆ ಹಳೇ ಕಾಲದ ದರೋಡೆಕೋರ. ಇನ್ನೊಂದು ಮೀಸೆ ಎಲ್ಲಿ ಹೋಯಿತೆಂದು ಮಾತ್ರ ಕೇಳಬೇಡಿ, ಅದಕ್ಕೆ ಮನೆಗೊಂದು ಕಥೆಯಿದೆ. ಸೈನಿಕರು ಬೆನ್ನಟ್ಟಿದಾಗ ಅವನು ಏಳು ಕತ್ತೆ ಹೊರೆ ಚಿನ್ನದೊಂದಿಗೆ ಗವಿ ಹೊಕ್ಕು, ಒಳಗಿನಿಂದಲೇ ಅದರ ಬಾಯಿಗೆ ಗೋಡೆ ಕಟ್ಟಿಕೊಂಡು, ಹೊಗೆಯಾಗಿ ಮಾಯವಾದನಂತೆ. ಮುನ್ನೂರು ವರ್ಷವಾಯಿತಂತೆ. ಗೋಡೆ ಇರುವುದಂತೂ ನಿಜ. ಅದರ ಹೊರಮೈ ಒರಟೊರಟು, ಕಲ್ಲುಸಂದಿನಿಂದ ಗಾರೆ ಉಕ್ಕಿ ಹಾಗೆಯೇ ಒಣಗಿದೆ. ನಮಗೆ ಕಾಣುವುದು ಗೋಡೆಯ ಬೆನ್ನು ಎಂದು ಯಾರಾದರೂ ಹೇಳಬಹುದು.

ಇಷ್ಟು ದಿನ ಇದು ಬರೀ ಬಾಯಿಮಾತಾಗಿತ್ತು. ಮೊನ್ನೆ ಫೋಟೋ ಸ್ಟುಡಿಯೋದವನು ಕೋಲಿಗೆ ಮೊಬೈಲ್ ಕಟ್ಟಿ, ಗವಿಯ ನೆತ್ತಿಯಲ್ಲಿರುವ ಬಿರುಕಿನಿಂದ ಇಳಿಬಿಟ್ಟು ಒಂದು ಚಿತ್ರ ತೆಗೆದ. ಮಸುಕು ಮಸುಕಾದ ಆ ಚಿತ್ರದಲ್ಲಿ ಗೋಡೆಯ ಒಳಮೈ ನುಣ್ಣಗೆ ಗಿಲಾವು ಬಳಿದುಕೊಂಡು ನಿಂತಿತ್ತು. ಸರಿ, ಒಳಗಿನಿಂದ ಕಟ್ಟಿದ್ದು ನಿಜವಾದರೆ ಚಿನ್ನವೂ ನಿಜವೇ ಎಂದು ಊರಿಗೆ ಹುಚ್ಚು ಹಿಡಿಯಿತು. ಗೋಡೆ ಬೀಳದ ಹಾಗೆ ಒಂದು ಕಿಂಡಿ ತೆಗೆದು ಒಳಹೊಕ್ಕು ನೋಡಬೇಕು, ಆ ಕೆಲಸಕ್ಕೆ ಗಾರೆಯಕ್ಕನೇ ಆಗಬೇಕು ಎಂದು ತೀರ್ಮಾನವಾಯಿತು.

"ಹೋಗ್ಬೇಡ. ಅಲ್ಲಿ ಹಾವಿರುತ್ತೆ" ಎಂದ ಅಪ್ಪ.

"ಮುನ್ನೂರು ವರ್ಷ ಊಟ ಇಲ್ದೆ ಯಾವ ಹಾವು ಬದುಕಿರುತ್ತೆ ಅಪ್ಪಾ?"

"ಹಾಗಾದ್ರೆ ಬಾವಲಿ ಇರುತ್ತೆ."

ಹಾವಿನಿಂದ ಬಾವಲಿಗೆ, ಬಾವಲಿಯಿಂದ ಶೀತಕ್ಕೆ ಇಳಿದರೂ ಅಪ್ಪನ ಮಾತು ನಡೆಯಲಿಲ್ಲ. ಭಾನುವಾರ ಬೆಳಿಗ್ಗೆ ಗಾರೆಯಕ್ಕ ಉಳಿ, ಸುತ್ತಿಗೆಗಳ ಜೊತೆ ಎರಡು ಖಾಲಿ ಗೋಣಿಚೀಲವನ್ನೂ ಮಡಚಿಟ್ಟುಕೊಂಡಳು. ಮಂಡಿಯೂರಿ ಕೂರುವುದಕ್ಕೆ ಎಂದು ಎಲ್ಲರಿಗೂ ಹೇಳಿದಳು. ಮಂಡಿಗೆ ಒಂದೇ ಸಾಕಲ್ಲ ಎಂದು ಯಾರೂ ಕೇಳಲಿಲ್ಲ, ಯಾಕೆಂದರೆ ಅವತ್ತು ಗುಡ್ಡ ಹತ್ತಿದ ಪ್ರತಿಯೊಬ್ಬರ ಕಂಕುಳಲ್ಲೂ ಒಂದೊಂದು ಚೀಲವಿತ್ತು.

ನಾಲ್ಕು ಕಲ್ಲು ಬಿಡಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಎಂಥ ಕಟ್ಟು! ಶತ್ರುವೇ ಕಟ್ಟಿದ್ದರೂ ಮೆಚ್ಚಬೇಕು ಎಂದುಕೊಂಡು ಟಾರ್ಚ್ ಹಿಡಿದು ಒಳಗೆ ನುಸುಳಿದಳು. ಅಡುಗೆಮನೆಯಷ್ಟು ಜಾಗ. ಒಡೆದ ಮಡಕೆ, ಒಂದು ಮೂಲೆಯಲ್ಲಿ ಉಳಿದ ಮರಳಿನ ಗುಡ್ಡೆ. ಚಿನ್ನದ ಸುಳಿವೂ ಇಲ್ಲ. ನಿಟ್ಟುಸಿರು ಬಿಟ್ಟು ತಿರುಗಿ, ಗೋಡೆಗೆ ಟಾರ್ಚ್ ಹಿಡಿದವಳು ಹಾಗೇ ನಿಂತುಬಿಟ್ಟಳು.

ಗಾರೆ ಬಳಿಯುವ ಕರಣೆ ಓಡಿದ ಗುರುತುಗಳೆಲ್ಲ ಬಲದಿಂದ ಎಡಕ್ಕೆ ಬಾಗಿದ್ದವು. ಎಡಗೈಯವನ ಕೆಲಸ. ಗೋಡೆ ಬಂಡೆಗೆ ಸೇರುವ ಮೂಲೆಯಲ್ಲಿ ಮೇಲಿಂದ ಕೆಳಗಿನವರೆಗೆ ಹೆಬ್ಬೆರಳು ಎಳೆದ ಒಂದೇ ಗೆರೆ. ಮೂಲೆಗೆ ಕರಣೆ ತಾಗಿಸಬಾರದು, ಹೆಬ್ಬೆರಳಲ್ಲೇ ಮುಗಿಸಬೇಕು ಎಂದು ಅವಳಿಗೆ ಕಲಿಸಿದವನು ಒಬ್ಬನೇ. ಆ ಎಳೆತವನ್ನು ಅವಳು ಕಣ್ಣು ಮುಚ್ಚಿಕೊಂಡೂ ಗುರುತಿಸಬಲ್ಲಳು.

"ಅಕ್ಕಾ, ಏನಿದೆ?" ಎಂದು ಹೊರಗಿನಿಂದ ಹತ್ತು ಬಾಯಿ ಕೂಗಿದವು.

"ಏನೂ ಇಲ್ಲ. ಖಾಲಿ" ಎಂದಳು. ಅದು ಸುಳ್ಳೇನಲ್ಲ.

ಸಂಜೆ ಮನೆಗೆ ಬಂದಾಗ ಅಪ್ಪ ಹೊಸ್ತಿಲಲ್ಲೇ ಕೂತಿದ್ದ. ಚಿನ್ನ ಸಿಕ್ಕಿತಾ ಎಂದು ಕೇಳಲಿಲ್ಲ. "ಗಿಲಾವು ಬಿರುಕು ಬಿಟ್ಟಿದೆಯಾ?" ಎಂದ.

"ಕೂದಲೆಳೆಯಷ್ಟೂ ಇಲ್ಲ. ಯಾರೋ ಎಡಚ ಮಾಡಿದ್ದು."

ಅಪ್ಪ ಕೋಲನ್ನು ಗೋಡೆಗೆ ಒರಗಿಸಿಟ್ಟ. ಆಮೇಲೆ ಬಾಯಿಬಿಟ್ಟ. ಆಗ ಅವನಿಗೆ ಇಪ್ಪತ್ತೆರಡು, ಒಬ್ಬನೇ ಒಪ್ಪಿಕೊಂಡ ಮೊದಲ ಕೆಲಸ. ದನಗಳು ಗವಿಗೆ ನುಗ್ಗುತ್ತವೆಂದು ಕ್ವಾರಿಯ ಸಾಹುಕಾರ ಗೋಡೆ ಎಬ್ಬಿಸಲು ಹೇಳಿದ್ದ. ಹೊರಗೆ ಕೆಂಡದಂಥ ಬಿಸಿಲು, ಒಳಗೆ ತಂಪು. ಸಾಮಾನೆಲ್ಲ ಒಳಗಿಟ್ಟುಕೊಂಡು ನೆರಳಲ್ಲಿ ನಿಂತು ಕಟ್ಟಿದ, ಮೇಲಿನ ಎರಡು ವರಸೆ ಕಲ್ಲು ಹೊರಗಿನಿಂದ ಹಾಕಿದರಾಯಿತು ಎಂದುಕೊಂಡ. ಕೈ ಓಡುತ್ತಿತ್ತು, ಮೈಮರೆತ. ಬಿರುಕಿನಿಂದ ಬೆಳಕು ಬೀಳುತ್ತಿದ್ದುದರಿಂದ ಗೋಡೆ ಮೇಲೇರಿ ಗವಿಯ ಬಾಯಿ ಮುಚ್ಚಿಹೋದದ್ದೂ ತಿಳಿಯಲಿಲ್ಲ. ಗಿಲಾವೂ ಮುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಭೇಷ್ ಎಂದುಕೊಂಡು, ಮನೆಗೆ ಹೋಗೋಣವೆಂದು ಬಾಗಿಲು ಹುಡುಕಿದ.

ಗಾರೆಯಕ್ಕ ಸೆರಗು ಬಾಯಿಗೆ ತುರುಕಿಕೊಂಡಳು.

"ನಗು, ನಗು" ಎಂದ ಅಪ್ಪ. "ಆಗ ಕಡ್ಡಿ ಥರ ಇದ್ದೆ, ಬಿರುಕಿನಿಂದ ತೂರಿ ಬಂದೆ. ಅರ್ಧ ಚರ್ಮ ಅಲ್ಲೇ ಉಳೀತು. ಮಾರನೇ ತಿಂಗಳೇ ಕ್ವಾರಿ ಮುಚ್ಚಿ ಸಾಹುಕಾರನೂ ಊರು ಬಿಟ್ಟ. ನಾನು ಉಸಿರೆತ್ತಲಿಲ್ಲ. ಈಗ ಊರಿಗೆಲ್ಲ ಹೇಳ್ತೀಯಾ?"

ನನ್ನನ್ನು ಮೇಸ್ತ್ರಿ ಅನ್ನು, ಹೇಳಲ್ಲ ಎಂಬ ಮಾತು ನಾಲಗೆಯವರೆಗೆ ಬಂತು. ನುಂಗಿಕೊಂಡಳು. ಹೆದರಿಸಿ ಅನ್ನಿಸಿಕೊಂಡರೆ ಏನು ಬಂತು? "ನಾನ್ಯಾಕೆ ಹೇಳ್ಲಿ. ನಾಳೆ ಕಿಂಡಿ ಮುಚ್ಚಿ ಬರ್ತೀನಿ, ಮಕ್ಕಳು ನುಗ್ಗಿದ್ರೆ ಕಷ್ಟ" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದಳು.

ಮರುದಿನ ಅಪ್ಪನೂ ಹಟ ಹಿಡಿದು ಬಂದ. ಗುಡ್ಡದ ಬುಡದವರೆಗೆ ಆಟೋ, ಅಲ್ಲಿಂದ ಅಳಿಯನ ಹೆಗಲು. ಗವಿಯ ಮುಂದೆ ಆಗಲೇ ಜನ ಸೇರಿದ್ದರು. ಚಿನ್ನ ಸಿಗದ ಬೇಸರ ಒಂದೇ ರಾತ್ರಿಯಲ್ಲಿ ಇಳಿದು, ಒಂಟಿಮೀಸೆ ಚಿನ್ನದ ಸಮೇತ ಹೊಗೆಯಾದ ಎಂದು ಕಥೆ ತಿದ್ದುಪಡಿಯಾಗಿತ್ತು. ಸ್ಟುಡಿಯೋದವನು ಕಿಂಡಿಯೊಳಗೆ ಟಾರ್ಚ್ ಬಿಟ್ಟು ವರ್ಣಿಸುತ್ತಿದ್ದ: "ನೋಡಿ ಸ್ವಾಮಿ, ಒಂಟಿಮೀಸೆಯ ಕೈಚಳಕ! ಈ ಗಿಲಾವು ಈಗಿನ ಯಾವ ಮೇಸ್ತ್ರಿಗೆ ಬರುತ್ತೆ?"

ಅಪ್ಪನ ಮೂಗು ಕೆಂಪಾಯಿತು. ತಡೆದುಕೊಂಡ. ಸ್ಟುಡಿಯೋದವನು ಇನ್ನೊಮ್ಮೆ ಒಂಟಿಮೀಸೆಯ ಕೈಯನ್ನು ಹೊಗಳಿದ. ಅಪ್ಪ ಕೋಲನ್ನು ನೆಲಕ್ಕೆ ಕುಕ್ಕಿದ. "ಯಾವನಯ್ಯಾ ಒಂಟಿಮೀಸೆ? ಕಟ್ಟಿದ್ದು ನಾನು! ಒಳಗೆ ನಿಂತು ಕಟ್ಟಿ, ಒಳಗೇ ಸಿಕ್ಕಿಹಾಕ್ಕೊಂಡೆ. ಬೆವರು ನಂದು, ಹೆಸರು ಆ ಕಳ್ಳಂದಾ?"

ಜನ ಹೋ ಎಂದು ನಕ್ಕರು. "ನೀವು ತಪ್ಪು ಮಾಡೋದು ಅಂದ್ರೇನು, ಬಿಡಿ ಮೇಸ್ತ್ರಿಗಳೇ" ಎಂದ ಸ್ಟುಡಿಯೋದವನು. ಒಬ್ಬರೂ ನಂಬಲಿಲ್ಲ.

ಅಪ್ಪ ಮತ್ತೆ ಏನೋ ಹೇಳಲು ಬಾಯಿ ತೆರೆದವನು, ಕಿಂಡಿಯ ಪಕ್ಕ ಗಾರೆ ಕಲಸುತ್ತಿದ್ದ ಮಗಳ ಕಡೆ ನೋಡಿದ. ಬೆವರು ಒಬ್ಬರದು, ಹೆಸರು ಇನ್ನೊಬ್ಬರದು ಎಂಬ ತನ್ನದೇ ಮಾತು ಅವನಿಗೆ ಆಗ ತಟ್ಟಿರಬೇಕು. ಮುಖದ ಬಿಗುವೆಲ್ಲ ಇಳಿದುಹೋಯಿತು.

"ನನ್ನ ಮಾತು ನಂಬ್ದಿದ್ರೆ ಮೇಸ್ತ್ರೀನ ಕೇಳಿ" ಎಂದ.

"ಯಾವ ಮೇಸ್ತ್ರಿ?"

"ಕರಣೆ ಹಿಡ್ಕೊಂಡು ಕೂತಿದ್ದಾಳಲ್ಲ, ಆ ಮೇಸ್ತ್ರಿ. ಹನ್ನೊಂದು ಮನೆ ಕಟ್ಟಿದೋಳು. ನಾನು ಬರೀ ಕುರ್ಚಿ ಕಾಯ್ತಾ ಇದ್ದೆ."

ಎಲ್ಲರೂ ತಿರುಗಿ ನೋಡಿದರು. ಗಾರೆಯಕ್ಕನ ಕಣ್ಣು ತುಂಬಿತು. ಗಾರೆ ಮೆತ್ತಿದ ಕೈಯಲ್ಲೇ ಒರೆಸಿಕೊಂಡು ಕೆನ್ನೆಗೆಲ್ಲ ಬಳಿದುಕೊಂಡಳು. ಅಷ್ಟು ಸಂತೋಷ ಅವಳಿಗೆ ಏಳು ಕತ್ತೆ ಹೊರೆ ಚಿನ್ನ ಸಿಕ್ಕಿದ್ದರೂ ಆಗುತ್ತಿರಲಿಲ್ಲ.

"ಹೌದು. ಇದು ನಮ್ಮಪ್ಪನ ಕೈ" ಎಂದಳು.

ಈ ಸಲ ಯಾರೂ ನಗಲಿಲ್ಲ. ಮೇಸ್ತ್ರಿ ಹೇಳಿದ ಮೇಲೆ ಮುಗಿಯಿತು, ಎಲ್ಲರೂ ನಂಬಿದರು.