ಅಕ್ಕ ಕೇಳಿದ ಒಂದು ಲೋಟ ನೀರು

ಎರಡು ತಿಂಗಳ ಹಿಂದೆ ಮಂಡ್ಯದ ಆಸ್ಪತ್ರೆಯೊಂದರಲ್ಲಿ ನಮ್ಮಕ್ಕ ಒಂದು ಲೋಟ ನೀರು ಕೇಳಿದಳು. ಅಷ್ಟಕ್ಕೇ ನನ್ನ ಮಾನ ಹೋಯಿತು.

ಅಕ್ಕ ಅಂದರೆ ಚಿಕ್ಕತಾಯಮ್ಮ, ಬಸರಾಳಿನವಳು. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ಬೇಗ ತೀರಿಕೊಂಡಿದ್ದರಿಂದ ನಾನು ಚಿಕ್ಕಂದಿನಲ್ಲಿ ಉಂಡಿದ್ದೆಲ್ಲ ಇವಳು ಸೌದೆ ಒಲೆ ಊದಿ ಊದಿ ಬೇಯಿಸಿದ್ದು. ನಾನು ಓದಿ ಮಂಡ್ಯ ಸೇರಿದೆ. ಹೊಗೆ ಅವಳ ಶ್ವಾಸಕೋಶ ಸೇರಿತು. (ಜೀವಮಾನದಲ್ಲಿ ಒಂದು ಬೀಡಿ ಮುಟ್ಟಿದವಳಲ್ಲ.)

ಕಾಯಿಲೆಯ ಹೆಸರು ಸಿಒಪಿಡಿ. ಹಾಳಾದ ಶ್ವಾಸಕೋಶ ಮತ್ತೆ ಸರಿಹೋಗಲ್ಲ, ಆದರೆ ಔಷಧಿ ಸರಿಯಾಗಿ ತಗೊಂಡರೆ ಚೆನ್ನಾಗಿಯೇ ಇರಬಹುದು ಅಂದಿದ್ದರು ಡಾಕ್ಟರು. ಇನ್‌ಹೇಲರ್ ಬರೆದುಕೊಟ್ಟರು. ಬಳಸುವುದು ಹೇಗೆಂದು ತೋರಿಸ್ತೀವಿ, ಸ್ವಲ್ಪ ಕೂತಿರಿ ಅಂದರು. ‘ನಾನೇ ಹೇಳ್ಕೊಡ್ತೀನಿ ಬಿಡಿ’ ಅಂದೆ. ನನಗೆ ಆಫೀಸಿಗೆ ಹೊತ್ತಾಗಿತ್ತು. ಔಷಧಿ ಪೊಟ್ಟಣವನ್ನು ಅಕ್ಕನ ಕೈಗಿಟ್ಟು, ‘ಬೆಳಿಗ್ಗೆ ಒಂದು, ಸಂಜೆ ಒಂದು ತಗೋ, ಮರೀಬೇಡ’ ಅಂದು ಬಸ್ಸು ಹತ್ತಿಸಿದೆ.

ಮರೆಯಲಿಲ್ಲ ಪುಣ್ಯಾತ್ಗಿತ್ತಿ. ಮೂರು ತಿಂಗಳು ಒಂದು ಹೊತ್ತೂ ತಪ್ಪಿಸಲಿಲ್ಲ. ಆದರೂ ಹಿತ್ತಿಲಿಗೆ ಹೋಗಿಬರುವಷ್ಟರಲ್ಲಿ ಎರಡು ಸಲ ಕೂರಬೇಕಾಗುತ್ತಿತ್ತು. ಫೋನಿನಲ್ಲಿ ‘ಉಂಡ್ಯಾ’ ಅಂದು ನಿಲ್ಲುತ್ತಿದ್ದಳು. ‘ಮಗಾ’ ಅನ್ನಲು ಇನ್ನೊಂದು ಉಸಿರು ಬೇಕು. ಇಡೀ ಬೀದಿಗೆ ಕೇಳುವಂತೆ ನನ್ನನ್ನು ಬೈಯುತ್ತಿದ್ದವಳು ಬೈಯುವುದನ್ನೇ ಬಿಟ್ಟಳು. ನನಗೆ ನಿಜವಾಗಿ ಭಯ ಆಗಿದ್ದು ಆಗ.

ಮತ್ತೆ ಆಸ್ಪತ್ರೆಗೆ ಕರೆತಂದೆ. ಹೀಗೇ ಆದರೆ ಮನೆಯಲ್ಲಿ ಆಕ್ಸಿಜನ್ ಇಡಬೇಕಾಗಬಹುದು ಅಂದರು ಡಾಕ್ಟರು. ಅಷ್ಟರಲ್ಲಿ ನರ್ಸ್ ಶಬೀನಾ ಒಂದು ಪ್ರಶ್ನೆ ಕೇಳಿದರು. ಮಳವಳ್ಳಿ ಕಡೆಯ ಹೆಣ್ಣುಮಗಳು.

‘ಅಮ್ಮಾ, ಔಷಧಿ ಹೆಂಗ್ ತಗೋತೀರ? ಒಂದ್ಸಲ ತಗೊಂಡ್ ತೋರ್ಸಿ.’

ಅಕ್ಕ ಕ್ಯಾಪ್ಸೂಲನ್ನು ಅಂಗೈ ಮೇಲಿಟ್ಟುಕೊಂಡಳು. ‘ಒಸಿ ನೀರ್ ಕೊಡವ್ವ’ ಅಂದಳು.

ಅರ್ಥವಾಯಿತಲ್ಲ? ಪುಟ್ಟ ಯಂತ್ರದೊಳಗೆ ಹಾಕಿ, ಪುಡಿಯನ್ನು ಬಾಯಿಂದ ಎಳೆದುಕೊಳ್ಳಬೇಕಾದ ಕ್ಯಾಪ್ಸೂಲನ್ನು ಮೂರು ತಿಂಗಳಿಂದ ನುಂಗುತ್ತಿದ್ದಳು.

‘ಇದ್ರ ಜೊತೆ ಪ್ಲಾಸ್ಟಿಕ್ಕಿಂದು ಒಂದು ಕೊಟ್ಟಿದ್ರಲ್ಲಮ್ಮ?’

‘ಆ ಪೀಪಿನಾ? ದೇವ್ರ ಗೂಡಲ್ಲಿ ಮಡ್ಗಿವ್ನಿ.’

ಶಬೀನಾ ನಗಲಿಲ್ಲ. ಯಾರು ಹೇಳಿಕೊಟ್ಟಿದ್ದು ಅಂತ ಮಾತ್ರ ಕೇಳಿದರು. ಅಕ್ಕ ನನ್ನ ಕಡೆ ತಿರುಗಿ ನೋಡಲೂ ಇಲ್ಲ. ‘ಯಾರೂ ಇಲ್ಲ ಕಣವ್ವ... ನಾನು ಓದ್ದೋಳಲ್ಲ... ತಪ್ ಮಾಡ್ಬುಟ್ಟೆ’ ಅಂದಳು.

ತಪ್ಪು ಅವಳದಾ? ನಮ್ಮ ಮನೆಗಳಲ್ಲಿ ಮಾತ್ರೆ ತಗೋ ಅಂದರೆ ನುಂಗು ಅಂತಲೇ ಅರ್ಥ. ವಾರವಾರ ಈ ಅಂಕಣದಲ್ಲಿ ನಿಮಗೆ ಲೋಕವನ್ನೇ ಬಿಡಿಸಿ ಹೇಳುವ ನಾನು ಅಕ್ಕನಿಗೆ ಒಂದು ಕ್ಯಾಪ್ಸೂಲ್ ವಿಷಯ ಬಿಡಿಸಿ ಹೇಳಿರಲಿಲ್ಲ.

ಶಬೀನಾ ಆಸ್ಪತ್ರೆಯದೇ ಒಂದು ಪೀಪಿ ತಂದು, ಪಕ್ಕದಲ್ಲಿ ಕೂತು ಕಲಿಸಿದರು. ‘ಉಸ್ರು ಪೂರ್ತಿ ಆಚೆ ಬುಡಿ. ಈಗ ಜೋರಾಗಿ ಎಳ್ಕೊಳಿ.’

‘ಬೀಡಿ ಸೇದ್ದಂಗಾ? ಈ ವಯ್ಸಲ್ಲಿ?’

‘ಹೂಂ ಅಮ್ಮ, ಅಂಗೇ ಅನ್ಕೊಳಿ. ಎಳ್ಕೊಂಡು ಹತ್ತು ಎಣ್ಸೋಗಂಟ ಹಿಡ್ಕೊಳಿ. ಆಮೇಲೆ ಬಾಯಿ ಮುಕ್ಕಳ್ಸಿ.’

ಹೊರಗೆ ಜನ ಸಾಲುಗಟ್ಟಿದ್ದರು. ಆದರೂ ಖಾಲಿ ಪೀಪಿಯಲ್ಲೇ ನಾಲ್ಕು ಸಲ ಮಾಡಿಸಿದರು. ಎದ್ದು ಹೋಗುವಾಗ ನನಗೆ, ‘ಮನೇಲಿ ನೀವೂ ಪಕ್ದಲ್ಲಿ ಕೂತು ನೋಡಿ ಸಾರ್’ ಅಂದರು. ಆ ತಾಯಿಗೆ ಥ್ಯಾಂಕ್ಸ್ ಅಂದರೆ ಸಾಲದು, ಅಷ್ಟು ಋಣ ನನ್ನ ಮೇಲಿದೆ. ಮೂರು ತಿಂಗಳಲ್ಲಿ ನಾನು ‘ತಗೊಂಡ್ಯಾ?’ ಅಂತ ದಿನಾ ಕೇಳಿದ್ದೆ. ‘ತೋರ್ಸು’ ಅಂದಿರಲಿಲ್ಲ.

ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಆಕ್ಸಿಜನ್ ಮಾತು ಸದ್ಯಕ್ಕೆ ನಿಂತಿದೆ. ಅಕ್ಕ ಸೌದೆ ಒಲೆ ಬಿಟ್ಟಿದ್ದಾಳೆ (ಗ್ಯಾಸಿನ ಮುದ್ದೆಗೆ ರುಚಿಯಿಲ್ಲ ಅನ್ನುವ ಗೊಣಗಾಟ ಬಿಟ್ಟಿಲ್ಲ). ಸಂಜೆ ದೇವಸ್ಥಾನದವರೆಗೆ ನಿಧಾನಕ್ಕೆ ನಡೆದು ಬರುತ್ತಾಳೆ. ಪೀಪಿಯ ಜಾಗ ಇವತ್ತಿಗೂ ದೇವರ ಗೂಡೇ. ಅದನ್ನು ಅಲ್ಲಿಂದ ತೆಗಿ ಅನ್ನಲು ನನಗೆ ಮನಸ್ಸಾಗಲಿಲ್ಲ.

ಮೊನ್ನೆ ಭಾನುವಾರ ಊಟಕ್ಕೆ ಬರ್ತೀನಿ ಅಂದವನು ಹೋಗಲಿಲ್ಲ. ಫೋನ್ ಬಂತು.

‘ಬತ್ತೀನಿ ಅಂತ ಏಳಿ ಬರ್ದೆ ಇರಾಕೆ ನಾಚ್ಕೆ ಆಗಕಿಲ್ವೇನ್ಲಾ, ಉಪ್ಸಾರು ಕಾಯ್ಸಿ ಮುದ್ದೆ ಕಟ್ಟಿ ಮಡಿಕ್ಕಂಡು ಬಾಗ್ಲಲ್ಲೇ ಕುಂತಿವ್ನಿ, ನಿನ್ ಮಂಡ್ಯ ಏನ್ ಅಮೇರಿಕದಲ್ಲಿ ಐತೇನ್ಲಾ ಬೇವರ್ಸಿ?’

ಅಷ್ಟನ್ನೂ ಒಂದೇ ಉಸಿರಿಗೆ ಬೈದಳು. ಇದಕ್ಕಿಂತ ಒಳ್ಳೇ ಸುದ್ದಿ ಈ ವಾರ ನಿಮ್ಮ ಮನೆಗೇನಾದರೂ ಬಂತಾ?